ವಾಸನೆಯಿಲ್ಲದ ಮೂರು ವರ್ಷ

ಮೊನ್ನೆ ಮೆಲ್ಬರ್ನ್‌ನ ನಮ್ಮ ಬಡಾವಣೆ ಟ್ರುಗನಿನಾದ ಪೆಟ್ರೋಲ್ ಬಂಕಿನಲ್ಲಿ ಕಾರಿಗೆ ಡೀಸೆಲ್ ತುಂಬಿಸುವಾಗ ನಾಲ್ಕು ಹನಿ ನನ್ನ ಅಂಗಿಯ ತೋಳಿನ ಮೇಲೆ ಬಿತ್ತು. ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಹೆಂಡತಿ ಮೂಗು ಮುಚ್ಚಿಕೊಂಡು, "ಎಲ್ಲಿಗೆ ಹೋಗಿದ್ರಿ?" ಎಂದಳು. "ಇಲ್ಲೇ," ಎಂದೆ. ನೀವೂ ಹೀಗೇ ಉತ್ತರ ಕೊಡುವವರಾದರೆ ನನ್ನ ಸ್ವಭಾವ ನಿಮಗೆ ಅರ್ಥವಾದೀತು. ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ. ವಿವರಿಸಲು ಸೋಮಾರಿತನ, ಅಷ್ಟೆ. ಅವಳು ಆ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದಳು. ಆ ಬಕೆಟ್ಟನ್ನು ನೋಡಿದಾಗ ನನಗೆ ವಸಂತಿ ಆಂಟಿಯ ನೆನಪಾಯಿತು.

ನಾನು ಈ ದೇಶಕ್ಕೆ ಬಂದ ಹೊಸತು, ಎರಡು ಸಾವಿರದ ಆರೋ ಏಳೋ ಇರಬೇಕು. ಮದುವೆಯಾಗಿರಲಿಲ್ಲ. ಪಾಯಿಂಟ್ ಕುಕ್‌ನಲ್ಲಿ ಒಂದು ರೆಂಟಿನ ಮನೆ, ಅದರೊಳಗೆ ಎರಡು ಕುರ್ಚಿ, ಹಗಲಿರುಳು ಇಲ್ಲೇ ಕಾಯಂ ನೆಲೆಸಲು ಹಾಕಿದ್ದ ಪಿಆರ್ ಅರ್ಜಿಯ ಧ್ಯಾನ. ಪಕ್ಕದ ಮನೆಯ ಶಮಿತಾ ನರ್ಸ್. ಕೆಲಸಕ್ಕೆಂದು ದಿನಾ ಊರಿನ ಆ ತುದಿಯ ಬಾಕ್ಸ್ ಹಿಲ್‌ಗೆ ಹೋಗಿಬರುತ್ತಿದ್ದಳು. ಆರು ತಿಂಗಳಿದ್ದು ಹೋಗಲು ಉಡುಪಿಯ ಕಡೆಯಿಂದ ಅವಳ ಅಪ್ಪ ಅಮ್ಮ ಬಂದಿದ್ದರು. ಶೇಖರ ಅಂಕಲ್ ಮತ್ತು ವಸಂತಿ ಆಂಟಿ.

ಅಂಕಲ್ ನೌಕಾಪಡೆಯಲ್ಲಿ ಸಬ್‌ಮರೀನಿನ ವಿದ್ಯುತ್ ಕೆಲಸ ನೋಡಿಕೊಂಡು ನಿವೃತ್ತರಾದವರು. ಮಾತು ಕಡಿಮೆ. ಆದರೆ ಯಾರಾದರೂ ತಪ್ಪು ಹೇಳಿದರೆ ಮಾತ್ರ ಸುಮ್ಮನಿರಲು ಅವರಿಂದ ಆಗುತ್ತಿರಲಿಲ್ಲ. ಮೊದಲ ದಿನವೇ ನಾನು ಬಲು ಹೆಮ್ಮೆಯಿಂದ, ನಮ್ಮ ಸಬರ್ಬಿನಿಂದ ಸಮುದ್ರ ಹತ್ತಿರ ಎಂದೆ. ಅದು ಸಮುದ್ರವಲ್ಲ, ಕೊಲ್ಲಿ ಎಂದರು. ಆ ನೀರನ್ನು ನಾನೇ ಕೊಂಡುಕೊಂಡಿದ್ದೆನೋ ಎಂಬಂತೆ ನನಗೆ ಅವಮಾನವಾಯಿತು.

ಒಂದು ಭಾನುವಾರ ಅಂಕಲ್ ವಾಕಿಂಗ್ ಹೋಗಿದ್ದಾಗ ಆಂಟಿ ನನಗೆ ನೀರುದೋಸೆ ಹುಯ್ದು ಹಾಕುತ್ತಾ ತಮ್ಮ ಹಳೆಯ ಕತೆ ತೆಗೆದರು. ಮದುವೆಯಾದ ಹೊಸತರಲ್ಲಿ ಗಂಡ ರಜೆಯಲ್ಲಿ ಬಂದರೆ ಟ್ರಂಕು ತೆರೆದ ಕೂಡಲೇ ಮನೆಯೆಲ್ಲ ಡೀಸೆಲ್ ವಾಸನೆ. ಬಟ್ಟೆಯನ್ನು ಬಾವಿಕಟ್ಟೆಯಲ್ಲಿ ಬೇರೆಯೇ ನೆನೆಹಾಕಿ ಎರಡೆರಡು ಸಲ ಸೋಪು ಹಚ್ಚಿದರೂ ಹೋಗದು. ಅವರು ಬಂದದ್ದು ನೆರೆಮನೆಯವರಿಗೆ ಮೂಗಿನಿಂದಲೇ ತಿಳಿಯುತ್ತಿತ್ತು. ಹೀಗಿರುವಾಗ ನಡುವೆ ಮೂರು ವರ್ಷ ಬಟ್ಟೆಗೆ ಆ ವಾಸನೆಯೇ ಇರಲಿಲ್ಲ. ಆಮೇಲೆ ಮತ್ತೆ ಬಂತು. ಕೇಳಿದರೆ ಅಂಕಲ್‌ರದು ಒಂದೇ ಉತ್ತರ: ಕೆಲಸದಲ್ಲಿದ್ದೆ.

"ಸಬ್‌ಮರೀನಿನಲ್ಲಿ ಇದ್ದವರ ಅಂಗಿಗೆ ವಾಸನೆ ಇಲ್ಲ ಅಂದ್ರೆ ನಾನು ಎಂತ ತಿಳ್ಕೊಳ್ಬೇಕು, ಹೇಳಿ?" ಎಂದು ಆಂಟಿ ನನ್ನನ್ನೇ ಕೇಳಿದರು, ಆ ಟ್ರಂಕು ನನ್ನದೇ ಎಂಬಂತೆ. ಹದಿನೈದು ವರ್ಷ ಕಳೆದರೂ ಆ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ. ಗಂಡ ತನಗೆ ಸುಳ್ಳು ಹೇಳಿದ್ದಾರೆ ಎಂದು ಅವರು ನಂಬಿದ್ದರು. ಎಂಥ ಸುಳ್ಳು ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ಸಾಯುವುದರೊಳಗೆ ಒಂದು ಸರಿಯಾದ ಉತ್ತರ ಸಿಕ್ಕಿದರೆ ಸಾಕು ಎಂದು ಕಾವಲಿಗೆ ಮುಚ್ಚಳ ಮುಚ್ಚಿದರು.

ಇನ್ನೊಬ್ಬರ ಸಂಸಾರದಲ್ಲಿ ಮೂಗು ತೂರಿಸಬಾರದು ಎಂದು ನನಗೂ ಗೊತ್ತು. ಆದರೆ ಕುತೂಹಲವೆಂಬುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಹತ್ತಿರದ ಲೈಬ್ರರಿಗೆ ಹೋಗಿ ಸಬ್‌ಮರೀನಿನ ಪುಸ್ತಕಗಳನ್ನು ಹೊತ್ತು ತಂದೆ. ಮೂರನೆಯ ಪುಸ್ತಕದಲ್ಲಿ ಒಂದು ಸಂಗತಿ ಸಿಕ್ಕಿತು. ಎಂಬತ್ತರ ದಶಕದ ಕೊನೆಗೆ ನಮ್ಮ ದೇಶ ಸೋವಿಯತ್ ರಷ್ಯಾದಿಂದ ಅಣುಶಕ್ತಿಯ ಸಬ್‌ಮರೀನೊಂದನ್ನು ಲೀಸಿಗೆ ತಂದಿತ್ತು. ವಿಶಾಖಪಟ್ಟಣದಲ್ಲಿ ಅದರ ವಾಸ. ನಮ್ಮವರು ರಷ್ಯಾಕ್ಕೆ ಹೋಗಿ, ಆ ಭಾಷೆ ಕಲಿತು, ಅದನ್ನು ನಡೆಸುವುದನ್ನೂ ಕಲಿತು ಬಂದಿದ್ದರು. ಜೊತೆಗೆ ರಷ್ಯಾದ ತಜ್ಞರೂ ಇದ್ದರು. ಲೀಸು ಮುಗಿದೊಡನೆ ಅದನ್ನು ಮರಳಿಸಿಬಿಟ್ಟರು. ಓದುತ್ತಾ ನನಗೆ ನಗು ಬಂತು. ಮೂರು ತಿಂಗಳಿಗೊಮ್ಮೆ ಏಜೆಂಟ್ ಬಂದು ಒಲೆಯ ಜಿಡ್ಡು, ಗೋಡೆಯ ಮೊಳೆ ನೋಡಿ ಹೋಗುವ ರೆಂಟಿನ ಮನೆ ನನ್ನದು. ಒಂದು ಇಡೀ ದೇಶವೂ ಮಾಲೀಕನ ಕಣ್ಣೆದುರಿಗೇ ಸಂಸಾರ ಮಾಡಿದೆ ಎಂದು ತಿಳಿದು ಸಮಾಧಾನವಾಯಿತು.

ಆ ಲೀಸು ಎಷ್ಟು ವರ್ಷದ್ದು ಗೊತ್ತೇ? ಮೂರು. ಆಂಟಿಯ ಲೆಕ್ಕವೂ ಮೂರೇ, ಅಣುಶಕ್ತಿಯಿಂದ ಓಡುವುದಕ್ಕೆ ಡೀಸೆಲ್ ಏಕೆ ಎಂದು ನಾನು ಕುರ್ಚಿಯಿಂದ ಎದ್ದು ನಿಂತೆ. ಆದರೆ ಎದ್ದಷ್ಟೇ ಬೇಗ ಕುಳಿತೆ. ಅಣುಶಕ್ತಿಯ ಸಬ್‌ಮರೀನಿನಲ್ಲೂ ಡೀಸೆಲ್ ಜನರೇಟರ್ ಇರುತ್ತದೆ ಎಂದು ಅದೇ ಪುಸ್ತಕ ಹೇಳುತ್ತಿತ್ತು. ಡೀಸೆಲ್ ಇದ್ದ ಮೇಲೆ ವಾಸನೆ ಇರಲೇಬೇಕಲ್ಲ? ಅಲ್ಲಿಗೆ ನನ್ನ ಪತ್ತೇದಾರಿಕೆ ಮುಗಿಯಿತು. ಆದರೂ ಒಮ್ಮೆ ಅಂಕಲ್‌ರ ಮುಂದೆ ಆ ಪುಸ್ತಕ ಹಿಡಿದೆ. ಪುಸ್ತಕದಲ್ಲಿ ಇದ್ದದ್ದು ಪುಸ್ತಕದಲ್ಲೇ ಇರಲಿ ಎಂದು ಹೇಳಿ ಅವರು ಮಗಳ ಗುಲಾಬಿ ಗಿಡ ಕತ್ತರಿಸಲು ಹೋದರು. ಆ ವರ್ಷ ಅದು ಹೂ ಬಿಡಲಿಲ್ಲ.

ಅಷ್ಟರಲ್ಲಿ ನನಗೆ ಸಿಡ್ನಿಯಲ್ಲಿ ಎರಡು ದಿನದ ಆಫೀಸ್ ಕೆಲಸ ಬಿತ್ತು. ಕಾರಿನಲ್ಲಿ ಹೋಗುವುದಾದರೆ ಅಪ್ಪ ಅಮ್ಮನಿಗೂ ಊರು ತೋರಿಸಿಕೊಂಡು ಬಾ ಎಂದಳು ಶಮಿತಾ. ದಾರಿಯುದ್ದಕ್ಕೂ ಅಂಕಲ್ ಮುಂದೆ, ಆಂಟಿ ಹಿಂದೆ. ಒಂಬತ್ತು ಗಂಟೆಯ ಪ್ರಯಾಣದಲ್ಲಿ ಅವರಿಬ್ಬರ ನಡುವೆ ಓಡಾಡಿದ್ದು ಚಕ್ಕುಲಿಯ ಡಬ್ಬಿ ಮಾತ್ರ. ಕೆಲಸ ಮುಗಿಸಿದ ಮರುದಿನ ಬೆಳಿಗ್ಗೆ ಡಾರ್ಲಿಂಗ್ ಹಾರ್ಬರ್‌ಗೆ ಹೋದೆವು. ಅಲ್ಲಿ ನಿವೃತ್ತಿಯಾದ ಹಳೆಯ ಸಬ್‌ಮರೀನೊಂದನ್ನು ಜನ ನೋಡಲೆಂದು ದಡಕ್ಕೆ ಕಟ್ಟಿ ನಿಲ್ಲಿಸಿದ್ದರು. ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಮಗಿಂತ ಮೊದಲೇ ಇಳಿದರು.

ಒಳಗೆ ಹೆಜ್ಜೆಯಿಟ್ಟೊಡನೆ ವಾಸನೆ ಬಡಿಯಿತು. ಎಂಜಿನ್ ನಿಂತು ವರ್ಷಗಳಾಗಿದ್ದರೂ ಕಬ್ಬಿಣಕ್ಕೇ ಅಂಟಿಕೊಂಡ ಡೀಸೆಲ್. ಆಂಟಿ ಪೈಪೊಂದನ್ನು ಹಿಡಿದು ನಿಂತುಬಿಟ್ಟರು. "ಇದೇ," ಎಂದರು ನನಗೆ. "ಟ್ರಂಕಿನಲ್ಲಿ ಇದ್ದದ್ದು ಇದೇ ವಾಸನೆ."

ಅವರ ಮುಖ ನೋಡಲಾಗದೆ, ಮಾತು ಬದಲಿಸಲೆಂದು ನಾನು ನನ್ನ ಲೈಬ್ರರಿಯ ಪಾಂಡಿತ್ಯ ಬಿಚ್ಚಿದೆ. ಲೀಸಿಗೆ ತಂದ ಅಣುಶಕ್ತಿಯ ಸಬ್‌ಮರೀನಿನ ಕತೆ ಹೇಳಿ, "ಅದರಲ್ಲೂ ಇದೇ ವಾಸನೆ ಆಂಟಿ. ಸಬ್‌ಮರೀನ್ ಅಂದ್ಮೇಲೆ ಎಲ್ಲಾ ಒಂದೇ," ಎಂದು ಮುಗಿಸಿದೆ.

"ಒಂದೇ ಅಲ್ಲ," ಎಂದರು ಅಂಕಲ್ ಹಿಂದಿನಿಂದ. "ಅದರಲ್ಲಿ ಡೀಸೆಲ್ ಇದ್ದದ್ದು ಆಪತ್ತಿಗೆ ಮಾತ್ರ. ದಿನಾ ಓಡಿಸ್ಲಿಕ್ಕೆ ಇರ್ಲಿಲ್ಲ. ಬಟ್ಟೆಗೆ ವಾಸನೆ ಹಿಡೀತಾ ಇರ್ಲಿಲ್ಲ."

ಹೇಳಿದ ಮೇಲೆ ಅವರಿಗೇ ತಾನು ಹೇಳಿದ್ದೇನೆಂದು ಹೊಳೆಯಿತು. ಮಾತಾಡುವುದಿಲ್ಲವೆಂದು ನೌಕಾಪಡೆಗೆ ಸಹಿ ಹಾಕಿಕೊಟ್ಟು, ಹೆಂಡತಿಯ ಮುನಿಸಿಗೂ ಬಗ್ಗದೆ ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದ ಮನುಷ್ಯ ನನ್ನ ಒಂದು ತಪ್ಪನ್ನು ತಿದ್ದಲು ಹೋಗಿ ಸಿಕ್ಕಿಬಿದ್ದಿದ್ದರು. ಆಮೇಲೆ ಅವರು ಆಂಟಿಯ ಕಡೆ ತಿರುಗಿ, "ನಾನು ಮೂರು ವರ್ಷ ಅದರಲ್ಲೇ ಇದ್ದೆ," ಎಂದರು.

ಅವರಿಬ್ಬರೂ ತಮ್ಮೊಳಗೆ ತುಳುವಿನಲ್ಲೇ ಮಾತಾಡುವವರು. ಅಂದು ಮಾತ್ರ ಆಂಟಿ ಕನ್ನಡದಲ್ಲಿ ಹೇಳಿದರು, ನಾನೂ ಸಾಕ್ಷಿಗಿರಲಿ ಎಂದೋ ಏನೋ.

"ಮೂರು ವರ್ಷ ನಿಮ್ಮ ಅಂಗಿಯಲ್ಲಿ ಮಲ್ಲಿಗೆ ವಾಸನೆ ಉಂಟಾ ಅಂತ ಮೂಸಿ ನೋಡಿದ್ದೇನೆ ನಾನು."

ತನ್ನ ಬಟ್ಟೆಯನ್ನು ಮನೆಯಲ್ಲಿ ಯಾರೋ ಹಾಗೆ ಓದುತ್ತಿದ್ದಾರೆ ಎಂಬುದು ಅಂಕಲ್‌ರ ತಲೆಗೇ ಬಂದಿರಲಿಲ್ಲ. ಅವರ ಕಣ್ಣು ತುಂಬಿತು. ನಾನೂ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡೆ. ಗೈಡ್ ಆಗಿದ್ದ ಬಿಳಿಕೂದಲಿನ ಮುದುಕ ನಮ್ಮ ಮೂವರನ್ನೂ ನೋಡಿ, ಗಾಳಿ ಸಾಲದೆ ಹೀಗಾಗಿದೆ ಎಂದುಕೊಂಡು ಹೊರಗೆ ಹೋಗುವ ದಾರಿ ತೋರಿಸಿದ.

ಮೆಲ್ಬರ್ನ್‌ಗೆ ಮರಳುವಾಗ ಅಂಕಲ್ ಹಿಂದಿನ ಸೀಟಿಗೆ ಹೋದರು. ನಾನು ಬರೀ ಡ್ರೈವರ್ ಆದೆ. ಅಂಕಲ್ ರಷ್ಯಾದ ಚಳಿಯ ಬಗ್ಗೆ, ಗಾಳಿಗಾಗಿ ಮೇಲೆ ಬರಬೇಕಾಗಿಲ್ಲದ ಆ ಹಡಗಿನಲ್ಲಿ ಹಗಲು ಯಾವುದು ರಾತ್ರಿ ಯಾವುದೆಂದು ಊಟದಿಂದ ಗುರುತು ಹಿಡಿಯುತ್ತಿದ್ದುದರ ಬಗ್ಗೆ ಮೆಲ್ಲಗೆ ಹೇಳಿದರು. ಅದನ್ನು ರಷ್ಯಾಕ್ಕೆ ಮರಳಿಸುವ ಮುಂಚೆ ತನ್ನ ಲಾಕರನ್ನು ಎರಡು ಸಲ ಒರೆಸಿ ಬಂದರಂತೆ. ಹೇಳಬಾರದ್ದನ್ನು ಆಗಲೂ ಹೇಳಲಿಲ್ಲ. ಆಂಟಿಗೂ ಅದು ಬೇಕಿರಲಿಲ್ಲ. ಬೆಳಿಗ್ಗೆ ತಿಂಡಿಗೆ ಎಂತ ಕೊಡ್ತಿದ್ರು ಎಂದು ಕೇಳಿದರು.

ಆ ನೆನಪಿನಿಂದ ಎಚ್ಚೆತ್ತು ನೋಡಿದರೆ ಹೆಂಡತಿ ಬಕೆಟ್ಟಿನ ಮುಂದೆ ಕೂತು ನನ್ನ ತೋಳಿನ ಕಲೆಗೆ ಸೋಪು ಉಜ್ಜುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಡೀಸೆಲ್ ತುಂಬಿಸಲು ಹೋಗಿದ್ದೆ, ಅಲ್ಲಿ ನಳಿಕೆ ಸರಿಯಾಗಿ ಹಿಡಿಯಲು ಬರಲಿಲ್ಲ, ಹಿಂದಿನ ಕಾರಿನವನು ಹಾರ್ನ್ ಹೊಡೆದ, ಅವಸರದಲ್ಲಿ ಚೆಲ್ಲಿತು ಎಂದು ಒಂದೂ ಬಿಡದೆ ಹೇಳಿದೆ. ಅವಳು ಉಜ್ಜುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಆಮೇಲೆ?" ಎಂದಳು.