ಕೆಂಪು ಸಾಲು ಬಾರದ ವರದಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆ ಹೆಂಗಸನ್ನು ಮೇಲಿನ ಮಹಡಿಯವರೆಲ್ಲ 'ಸರ್ವರಕ್ಕ' ಎಂದೇ ಕರೆಯುತ್ತಿದ್ದರು. ಹೆಸರು ಕೇಳುವ ಪುರುಸೊತ್ತು ಯಾರಿಗಿತ್ತು? ರೋಗಿಗಳ ಹಳೆಯ ಸ್ಕ್ಯಾನ್‌ಗಳೆಲ್ಲ ಅವಳ ಫೈಲ್ ಸರ್ವರ್‌ನಲ್ಲಿದ್ದವು. ಯಾರೇ ತೆರೆಯಲು ಹೋಗಲಿ, ಗುರುತು ಪರೀಕ್ಷಿಸುವ 'ಸರ್ವಿಸ್' ಎಂಬ ಒಂದು ಪ್ರೋಗ್ರಾಂ ಮೊದಲು ಅವರನ್ನು ಒಪ್ಪಬೇಕು. ಅದು ಶುರುವಾಗದಿದ್ದರೆ ದೊಡ್ಡ ಡಾಕ್ಟರಿಗೂ ಒಂದು ಚಿತ್ರ ಸಿಗದು.

ಆ ಸರ್ವಿಸ್‌ಗೆ ಬೇಕಾದ, ಬೀಗದ ಕೈಯಂಥ ಕೀ ಫೈಲ್ ಬೇರೊಂದು ಡಿಸ್ಕ್‌ನಲ್ಲಿತ್ತು. ಕರೆಂಟು ಹೋಗಿ ಸರ್ವರ್ ಮತ್ತೆ ಏಳುವಾಗ ಆ ಡಿಸ್ಕ್ ಒಮ್ಮೊಮ್ಮೆ ತಡವಾಗಿ ಬರುತ್ತಿತ್ತು. ಆಗ ಸರ್ವಿಸ್ ಮುಗ್ಗರಿಸಿ, ಯಂತ್ರ ತಾನೇ ಕೊಡುವ ಬೆಳಗಿನ ವರದಿಯಲ್ಲಿ ತಪ್ಪಿನ ಕೆಂಪು ಸಾಲು ಬೀಳುತ್ತಿತ್ತು. ಮ್ಯಾನೇಜರಿಗೆ ಕೆಂಪು ಕಂಡರೆ ಮೈಯೆಲ್ಲ ಉರಿ. ಜ್ವರ ಬಿಟ್ಟು ಥರ್ಮಾಮೀಟರಿಗೆ ಬೈಯುವ ಪೈಕಿ ಆ ಮಹಾಶಯ.

"ಇದು ಕಾಣದ ಹಾಗೆ ಏನಾದ್ರೂ ಮಾಡಮ್ಮ," ಎಂದರು.

ಮಾಡಿದಳು. ಕೀ ಫೈಲ್ ಇದ್ದರೆ ಮಾತ್ರ ಶುರುವಾಗು, ಇಲ್ಲದಿದ್ದರೆ ಸುಮ್ಮನಿರು ಎಂಬ ಷರತ್ತು ಬರೆದಳು. ಹಾಗೆ ಸುಮ್ಮನಿದ್ದದ್ದನ್ನು ಯಂತ್ರ ತಪ್ಪೆಂದು ಹಿಡಿಯುವುದಿಲ್ಲ. ಡಿಸ್ಕ್ ಬರುವ ತನಕ ಕಾಯುತ್ತಿರು ಎಂಬ ಇನ್ನೊಂದು ಸಾಲೂ ಬೇಕಿತ್ತು. ಅದನ್ನು ಪರೀಕ್ಷಿಸಲು ಅರ್ಧ ದಿನ ಸರ್ವರ್ ನಿಲ್ಲಿಸಬೇಕು, ಮ್ಯಾನೇಜರು ಒಪ್ಪಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಅವಳು ದಿನಾ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ತಾನೇ ಒಂದು ಸ್ಕ್ಯಾನ್ ತೆರೆದು ನೋಡುತ್ತಿದ್ದಳು. ತೆರೆಯದಿದ್ದರೆ ಸರ್ವಿಸನ್ನು ಕೈಯಾರೆ ಎಬ್ಬಿಸುತ್ತಿದ್ದಳು. ಮೂರು ವರ್ಷ ಒಂದು ದಿನವೂ ರಜೆ ಹಾಕಲಿಲ್ಲ.

ರಜೆ ಹಾಕಿದ್ದು ತಮ್ಮನಿಗಾಗಿ. ಅವನ ಲಿವರಿನಲ್ಲಿ ಗಡ್ಡೆ, ಅದೇ ಆಸ್ಪತ್ರೆಯಲ್ಲಿ ಆಪರೇಷನ್. ಅವನ ಕನ್ನಡಕ, ಚಪ್ಪಲಿ ಚೀಲದಲ್ಲಿಟ್ಟುಕೊಂಡು ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ತಮ್ಮನ ಹೆಂಡತಿ. ಒಳಗೆ ಸರ್ಜನ್ನರು ಗಡ್ಡೆ ಎಷ್ಟು ಬೆಳೆದಿದೆ ಎಂದು ಹೋಲಿಸಿ ನೋಡಲು ಹಳೆಯ ಸ್ಕ್ಯಾನ್ ಕೇಳಿದರು. ಅದು ತೆರೆಯಲಿಲ್ಲ. ಕೆಳಗೆ ಫೋನು ಮಾಡಿದರೆ, ಅವಳ ಬದಲಿಗೆ ಕೂತಿದ್ದ ಹುಡುಗನಿಂದ ವರದಿಯಲ್ಲಿ ಎಲ್ಲ ಸರಿಯಿದೆ ಎಂಬ ಉತ್ತರ. ಒಂದೂವರೆ ಗಂಟೆ ಹೀಗೇ ಕಳೆಯಿತು.

ಕೊನೆಗೆ ನರ್ಸ್ ಬಂದು, "ಹಳೇ ಸ್ಕ್ಯಾನ್ ಸಿಗ್ತಿಲ್ಲ, ಥಿಯೇಟರು ಬೇರೆಯವರಿಗೆ ಕೊಟ್ಟಿದ್ದಾರೆ, ಇವತ್ತು ಆಪರೇಷನ್ ಇಲ್ಲ," ಎಂದಳು.

ಸರ್ವರಕ್ಕ ಚೀಲ ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದಳು. ಬೆಳಗಿನ ಜಾವ ಕರೆಂಟು ಹೋಗಿ ಬಂದು ಸರ್ವಿಸ್ ಸುಮ್ಮನೆ ಕೂತಿತ್ತು, ಅಂದು ಅದನ್ನು ನೋಡಲು ಅವಳು ಬಂದಿರಲಿಲ್ಲ. ಸರಿಮಾಡಲು ಹಿಡಿದದ್ದು ಒಂದೇ ನಿಮಿಷ.

ಮುಂದಿನ ತಾರೀಖು ಐದು ವಾರದ ಆಚೆಗೆ ಸಿಕ್ಕಿತು. ಅಷ್ಟರಲ್ಲಿ ಗಡ್ಡೆ ಶ್ವಾಸಕೋಶಕ್ಕೂ ಹಬ್ಬಿತ್ತು. ಈಗ ಕೊಯ್ದು ಪ್ರಯೋಜನವಿಲ್ಲ ಎಂದು ಸರ್ಜನ್ನರು ಹೆಂಗಸರಿಬ್ಬರನ್ನಷ್ಟೇ ಕೂರಿಸಿ ಹೇಳಿದರು.

ಅವಳು ಮ್ಯಾನೇಜರ ಬಳಿ ಹೋಗಿ ತಪ್ಪೊಪ್ಪಿಕೊಂಡಳು. ಅವರು ಆ ದಿನದ ವರದಿ ತೆಗೆದು ತೋರಿಸಿದರು.

"ಎಲ್ಲಿದೆಯಮ್ಮ ತಪ್ಪು? ಒಂದು ಕೆಂಪು ಸಾಲೂ ಇಲ್ವಲ್ಲ. ದುಃಖದಲ್ಲಿದ್ದೀಯ, ಮನೆಗೆ ಹೋಗು."

ಬೈದಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ವಾರ್ಡಿನ ಬಾಗಿಲಲ್ಲಿ ತಮ್ಮನ ಹೆಂಡತಿಗೆ ಎಲ್ಲ ಹೇಳಿದಳು. ಅವಳು ಗೋಡೆಗೆ ಒರಗಿದಳು.

"ನಂಗೆ ಹೇಳಿದ್ರಲ್ಲ, ಸಾಕು," ಎಂದಳು ಆಮೇಲೆ. "ಅವರಿಗೆ ಮಾತ್ರ ಹೇಳ್ಬೇಡಿ ಅಕ್ಕಾ. ನೀವಿದ್ದೀರಿ ಅನ್ನೋ ಧೈರ್ಯದ ಮೇಲೇ ಮಲಗಿದ್ದಾರೆ."

ತಮ್ಮ ಎಚ್ಚರವಿದ್ದ. ಅಕ್ಕನನ್ನು ಕಂಡು ಮಂಚದ ಅಂಚಿಗೆ ಸರಿದು ಜಾಗ ಮಾಡಿಕೊಟ್ಟ.

"ಆಪರೇಷನ್ನಿಗೆ ಹೊಸ ತಾರೀಖು ಇನ್ನೂ ಕೊಟ್ಟಿಲ್ವಾ? ನೀನೊಂದು ಮಾತು ಹೇಳಕ್ಕ. ಇಲ್ಲಿ ನಿನ್ನ ಮಾತು ನಡೆಯುತ್ತೆ."

"ಹೇಳ್ತೀನಿ ಕಣೋ," ಎಂದಳು.