ಟಾಪು ಬಿಚ್ಚಿದ ಜೀಪು

ಅವರ ಹಣೆ ಎರಡು ಬಣ್ಣದ್ದಾಗಿತ್ತು. ಟೋಪಿಯ ಅಂಚಿನಿಂದ ಮೇಲಕ್ಕೆ ಗೋಧಿ ಬಣ್ಣ, ಕೆಳಗೆ ಸೀದ ರೊಟ್ಟಿಯ ಬಣ್ಣ, ನಡುವೆ ಸ್ಕೇಲಿಟ್ಟು ಎಳೆದಂಥ ಗೆರೆ. ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂನ ಬಾಡಿಗೆ ಮನೆಗೆ ನಾವು ಬಂದ ದಿನ ಎದುರು ಮನೆಯಿಂದ ಬಂದು ಟೋಪಿ ತೆಗೆದು ನಮಸ್ಕಾರ ಮಾಡಿದರು. ಈ ಮನುಷ್ಯ ದಿನವಿಡೀ ಬಿಸಿಲಲ್ಲಿ ಏನು ಮಾಡುತ್ತಾನೆ ಎಂದು ನನಗೆ ಆಗಲೇ ಅನುಮಾನ.

ನನ್ನ ಸ್ವಭಾವವೇ ಹಾಗೆ. ಹಾಲಿನವಳು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾಳೆ ಎಂದುಕೊಳ್ಳುತ್ತೇನೆ. ನಗದಿದ್ದರೆ ಖಾತ್ರಿ ಮಾಡಿಕೊಳ್ಳುತ್ತೇನೆ.

ಕಂಪ್ಲಿಯಲ್ಲಿ ಅವರದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ. ಓಡಾಡುವುದಕ್ಕೆ ಹಳೆಯ ಜೀಪು. ಅದರ ಕ್ಯಾನ್ವಾಸ್ ಟಾಪನ್ನು ಬೇಕೆಂದಾಗ ಮಡಚಿ ಹಿಂದಕ್ಕೆ ಹಾಕಬಹುದಿತ್ತು. ಓಣಿಯ ಮಕ್ಕಳಿಗೆಲ್ಲ ಅವರು ‘ಜೀಪಿನ ಕಾಕಾ’. ನಾನೂ ಹಾಗೆಯೇ ಕರೆದೆ. ನನಗೆ ಕಂಪ್ಲಿಯ ಶಾಲೆಯಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು, ಪ್ರೊಬೇಷನ್ ಮುಗಿದಿರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಎರಡು ಸಲ ತಡವಾಗಿ ಹೋಗಿ ಹೆಡ್‌ಮಾಸ್ತರರಿಂದ ಮಾತು ಕೇಳಿದ್ದೆ. ಮೂರನೆಯ ಸಲ ಬಸ್ಸು ತಪ್ಪಿದಾಗ ಜೀಪು ಪಕ್ಕದಲ್ಲಿ ಬಂದು ನಿಂತಿತು.

“ಕುಂದ್ರವ್ವಾ ಟೀಚರ್. ನಾನೂ ಆ ಕಡೀಗೇ.”

ನಾನು ಹತ್ತುವ ಮೊದಲು ಅವರು ಇಳಿದು ಟಾಪು ಬಿಚ್ಚಿ ಮಡಚಿಟ್ಟರು. ಏಪ್ರಿಲ್ ತಿಂಗಳು. ಹೊಸಪೇಟೆ ದಾಟುವಷ್ಟರಲ್ಲಿ ನೆತ್ತಿ ಕಾದಿತ್ತು, ಕಮಲಾಪುರ ಬರುವಷ್ಟರಲ್ಲಿ ಬೆಳಗ್ಗೆ ಹಾಕಿದ ಜಡೆ ಬಿಚ್ಚಿಹೋಗಿತ್ತು. ಕಮಲಾಪುರದ ಬಸ್‌ಸ್ಟ್ಯಾಂಡಿನ ಮುಂದೆ ಬೇಕೆಂದೇ ನಿಧಾನ ಮಾಡಿ, ಚಹಾದಂಗಡಿಯಲ್ಲಿ ಕೂತವರಿಗೆಲ್ಲ ಕೈಯೆತ್ತಿದರು. ಅವರೆಲ್ಲ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುದುಕನಿಗೆ ಶೋಕಿ ನೋಡು ಎಂದು ಹಲ್ಲು ಕಡಿದೆ.

ಆಮೇಲೆ ಗಮನಿಸತೊಡಗಿದೆ. ಹಂಪಿ ನೋಡಲು ಇಂಥದೇ ಗಾಡಿಗಳಲ್ಲಿ ಬರುವ ಜನ ತಂಪು ಹೊತ್ತಿನಲ್ಲಿ ಟಾಪು ಬಿಚ್ಚುತ್ತಾರೆ, ಕಡ್ಡಿರಾಂಪುರದ ಹತ್ತಿರ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ, ಬಿಸಿಲೇರಿದರೆ ಮುಚ್ಚುತ್ತಾರೆ. ಕಾಕಾನದು ಉಲ್ಟಾ. ಮೋಡ ಕವಿದ ಹಿತವಾದ ಬೆಳಗಿನಲ್ಲೂ ಒಬ್ಬರೇ ಇದ್ದರೆ ಪೂರ್ತಿ ಮುಚ್ಚಿಕೊಂಡು ಹೋಗುತ್ತಿದ್ದರು. ನರ್ಸಮ್ಮ ಹತ್ತಿದರೆ, ಮೀನು ಮಾರುವವಳು ಹತ್ತಿದರೆ, ನಾನು ಹತ್ತಿದರೆ ಮಾತ್ರ, ಉರಿಬಿಸಿಲಾದರೂ ಟಾಪು ಕೆಳಗೆ. ನನ್ನ ಅನುಮಾನ ಗಟ್ಟಿಯಾಯಿತು. ಆದರೆ ಹಾಜರಿ ಸಮಯಕ್ಕೆ ಸರಿಯಾಗಿ ಬೀಳುತ್ತಿತ್ತಲ್ಲ, ಬಾಯಿ ಮುಚ್ಚಿಕೊಂಡು ಕೂತೆ.

ಮಳೆಗಾಲದಲ್ಲಿ ಸಂಡೂರಿನಲ್ಲಿ ಶಿಕ್ಷಕರಿಗೊಂದು ತರಬೇತಿ ಇತ್ತು. ಅವತ್ತೇ ಕಾಕಾನಿಗೆ ಅಲ್ಲೊಂದು ಬೋರ್‌ವೆಲ್‌ಗೆ ಮೋಟರು ಇಳಿಸುವ ಕೆಲಸ. ನಾನು ಹೊಸ ಸೀರೆ ಉಟ್ಟಿದ್ದೆ. ಅದಿರಿನ ಲಾರಿಗಳ ಕೆಂಪು ಕೆಸರು ನೆನೆದೇ ಮೈ ಉರಿಯಿತು.

“ಕಾಕಾ, ಇವತ್ತ ಟಾಪ್ ಹಾಕ್ರಿ. ಇಲ್ಲಂದ್ರ ನಾ ಇಳೀತೀನಿ.”

ಅವರು ಸ್ಟೀರಿಂಗ್‌ನಿಂದ ಕೈ ತೆಗೆಯಲಿಲ್ಲ. “ಕೆಸರು ತೊಳದ್ರ ಹೋಗ್ತೈತವ್ವಾ,” ಎಂದರು. ನಾನು ಇಳಿಯಲು ಕಾಲು ಹೊರಗಿಟ್ಟೆ. ಆಗ ಎದ್ದು ಟಾಪು ಹಾಕಿದರು. ಪಕ್ಕದ ಪರದೆಗಳನ್ನೂ ಹಟ ಮಾಡಿ ಅವರಿಂದಲೇ ಕೆಳಗೆ ಬಿಡಿಸಿದೆ.

ಗುಡ್ಡದ ಏರಿನಲ್ಲಿ ಫ್ಯಾನ್ ಬೆಲ್ಟ್ ಹರಿಯಿತು. ಸಂಡೂರಿನಿಂದ ಇನ್ನೊಂದು ಬೆಲ್ಟ್ ಬರುವವರೆಗೆ ಒಂದು ತಾಸು ನಿಂತೆವು. ಜಿಟಿಜಿಟಿ ಮಳೆ. ಅಷ್ಟು ಹೊತ್ತೂ ಅವರು ಒಳಗೆ ಬರಲಿಲ್ಲ, ರಸ್ತೆಯಂಚಿನಲ್ಲಿ ನೆನೆಯುತ್ತ ನಿಂತಿದ್ದರು. ಹೊರಗೇ ನಿಂತು ಏನು ಮಾಡುತ್ತಿದ್ದಾರೋ ಎಂದು ನಾನು ಪರದೆ ಸರಿಸಿ ಸರಿಸಿ ನೋಡಿದೆ. ನಾನು ಹಾಗೆ ಇಣುಕುವಾಗಲೇ ನಮ್ಮ ಓಣಿಯವರೊಬ್ಬರು ಬೈಕಿನಲ್ಲಿ ದಾಟಿಹೋದರು.

ಸಂಜೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನ್ನ ಗಂಡ ಕಾರ್ಖಾನೆಯ ಪಾಳಿಗೆ ಹೋಗಿದ್ದ.

“ಪರದಿ ಬಿಟ್ಟ ಜೀಪು ಗುಡ್ಡದಾಗ ತಾಸಗಟ್ಲೆ ನಿಂತಿತ್ತಂತ. ಒಳಗ ನೀ ಇದ್ದೆಂತ. ನಾಳಿಂದ ನೌಕರಿ ಬ್ಯಾಡ, ಏನೂ ಬ್ಯಾಡ.”

ಏಳು ವರ್ಷ ಪರೀಕ್ಷೆ ಬರೆದು ಪಡೆದ ನೌಕರಿ ಅದು. ನನ್ನ ಬಾಯಿಂದ ಬಂದ ಮಾತು ಹೀಗಿತ್ತು: “ಟಾಪ್ ಹಾಕಿದವ್ರು ಅವ್ರು. ನನ್ನ ಯಾಕ ಕೇಳ್ತೀರಿ? ಅವ್ರನ್ನ ಕೇಳ್ರಿ.”

ಸುಳ್ಳಲ್ಲ. ಹಾಕಿದ ಕೈ ಅವರದೇ. ಅಷ್ಟು ಲೆಕ್ಕಾಚಾರ ಆ ಗಳಿಗೆಯಲ್ಲೂ ನನಗೆ ಹೊಳೆದಿತ್ತು ಎಂಬುದೇ ಈಗ ನಾಚಿಕೆ ತರುತ್ತದೆ.

ಅತ್ತೆ ನೇರ ಎದುರು ಮನೆಗೆ ನಡೆದರು. ಓಣಿಯ ಬಾಗಿಲುಗಳೆಲ್ಲ ತೆರೆದವು. “ಏನ್ರೀ, ಜೀಪಿಗೆ ಟಾಪ್ ಹಾಕಿದ್ದು ಯಾರು?”

ಕಾಕಾ ನನ್ನ ಕಡೆ ಒಂದು ಸಲ ನೋಡಿದರು. ನಾನು ನೆಲ ನೋಡಿದೆ.

“ನಾನ ಹಾಕಿದ್ದಮ್ಮಾರ,” ಎಂದರು. “ತಪ್ಪು ನಂದು. ಅದಕ್ಕ ಅಕಿ ನೌಕರಿ ಬಿಡಸಬ್ಯಾಡ್ರಿ.”

ಒಳಗೆ ಹೋಗಿ ಬೋಲ್ಟು ಬಿಚ್ಚುವ ಪಾನ ತಂದರು. ಎಲ್ಲರೂ ನೋಡುತ್ತಿದ್ದಂತೆಯೇ ಟಾಪು ಬಿಚ್ಚಿ, ಅದನ್ನು ಹಿಡಿದಿಡುವ ಕಬ್ಬಿಣದ ಕಮಾನುಗಳ ಬೋಲ್ಟುಗಳನ್ನೂ ಒಂದೊಂದಾಗಿ ತೆಗೆದರು. ಮರುದಿನ ಆ ಕ್ಯಾನ್ವಾಸು ಕಂಪ್ಲಿಯ ರೈತರೊಬ್ಬರ ಭತ್ತದ ರಾಶಿಯ ಮೇಲಿತ್ತು. ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ, “ಹೋಗು. ಬಸ್ಸಿಗಿ ಹೊತ್ತಾತು,” ಎಂದರು.

ಕಾಕಾನ ಹೆಂಡತಿ ಒಮ್ಮೆ ನೀರು ಹಿಡಿಯುವಾಗ ತಾವಾಗಿಯೇ ಹೇಳಿದರು. “ಹೆಣ್ಮಕ್ಕಳು ಕುಂತ್ರ ಗಾಡಿ ಮುಚ್ಚಬಾರ್ದು ಅಂತಾರವ್ವಾ ಅವ್ರು. ಮುಚ್ಚಿದ್ರ ಮಂದಿ ಒಳಗ ತಮಗ ಬೇಕಾದ್ದು ತುಂಬ್ತಾರಂತ. ತೆರದಿದ್ರ ಎಲ್ರೂ ನೋಡ್ತಾರ, ನೋಡಿ ಸುಮ್ನಾಗ್ತಾರ.” ಕೊಡ ತುಂಬಿ ಹರಿಯುತ್ತಿದ್ದರೂ ನಾನು ನಲ್ಲಿ ನಿಲ್ಲಿಸಲಿಲ್ಲ. ಕಮಲಾಪುರದಲ್ಲಿ ಕೈಯೆತ್ತಿದ್ದು ಕಣ್ಣಿಗೆ ಕಟ್ಟಿತು. ನನ್ನ ಮಾನ ಕಾಯುತ್ತಿದ್ದವರನ್ನು ನಾನು ಕಳ್ಳನನ್ನು ಕಾಯುವಂತೆ ಕಾಯುತ್ತಿದ್ದೆ.

ಆಮೇಲೆ ಎರಡು ಮಳೆಗಾಲ ಅವರು ಒಬ್ಬರೇ ಹೋಗುವಾಗಲೂ ನೆನೆದುಕೊಂಡೇ ಹೋದರು. ಬಸ್ಸು ತಪ್ಪಿದ ದಿನ ಜೀಪು ಮೊದಲಿನಂತೆಯೇ ನನ್ನ ಪಕ್ಕದಲ್ಲಿ ನಿಲ್ಲುತ್ತಿತ್ತು. “ಕುಂದ್ರವ್ವಾ ಟೀಚರ್.” ಸಂಡೂರಿನ ಮಾತು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಶಾಲೆಯ ಮಾತೋ ಮಳೆಯ ಮಾತೋ ಆಡಿ ಇಳಿದುಬಿಟ್ಟೆ.

ಹೋದ ಚಳಿಗಾಲ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಓಣಿಯವರೆಲ್ಲ ಅವರ ಮನೆಯಲ್ಲಿ ಸೇರಿದ್ದೆವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಭಾಳ ಚಲೋ ಮನುಷ್ಯಾ. ಜಲ್ಮದಾಗ ಅದೊಂದ ತಪ್ಪು ಮಾಡಿದ್ದ,” ಎಂದರು.

ನನಗೆ ತಡೆಯಲಾಗಲಿಲ್ಲ. “ಅತ್ತೀ, ಅವತ್ತ ಟಾಪ್ ಹಾಕ್ರಿ ಅಂತ ಹಟ ಹಿಡದಾಕಿ ನಾನ. ಅವ್ರು ಬ್ಯಾಡ ಅಂದಿದ್ರು,” ಎಂದೆ. ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ.

ಕಾಕಾನ ಹೆಂಡತಿ ನನ್ನ ಕೈ ಹಿಡಿದುಕೊಂಡರು. “ನನಗ ಅವತ್ತ ಹೇಳಿದ್ರವ್ವಾ. ಅಂಜಿ ಅಂದಾಳ, ಅಕಿ ಮುಂದ ಈ ಮಾತ ತಗೀಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಿದ್ರು.”