ಶೋಕೇಸಿನಲ್ಲಿ ನಿಂತವಳು

ಬಟ್ಟೆ ಅಂಗಡಿಯಲ್ಲಿ ನನ್ನ ಕೆಲಸ. ಗಿರಾಕಿಯ ಸೊಂಟ ನೋಡಿ ಅಳತೆ ಹೇಳುವುದು, ಅವರು ಅದಕ್ಕಿಂತ ಚಿಕ್ಕದು ಸಾಕೆಂದರೆ ಮುಖ ಗಂಭೀರವಾಗಿಟ್ಟುಕೊಂಡು ಅದನ್ನೇ ಕೊಡುವುದು. ಇದಕ್ಕಾಗಿ ನನಗೆ ಸೈಜಪ್ಪ ಎಂದು ಹೆಸರು. ಹೆಸರಿಟ್ಟವಳು ಗಡಿಬಿಡಿ. ಅವಳಿಗೆ ಆ ಹೆಸರು ಇಟ್ಟವನು ನಾನಾದ್ದರಿಂದ ಸಿಟ್ಟಾಗುವ ಹಕ್ಕಿಲ್ಲ.

ಗಡಿಬಿಡಿ ಶೋಕೇಸಿನ ಗೊಂಬೆಗಳಿಗೆ ಬಟ್ಟೆ ತೊಡಿಸುವವಳು. ಒಂದು ಕಡೆ ನಿಂತವಳಲ್ಲ. ಗುಂಡುಪಿನ್ನು ಕಚ್ಚಿಕೊಂಡ ಬಾಯಲ್ಲೇ ಹಾಡು, ಅದೇ ಬಾಯಲ್ಲಿ ಗೊಂಬೆಗಳಿಗೆ ಬೈಗುಳ. "ನೆಟ್ಟಗೆ ನಿಂತ್ಕೊಳೇ, ಈ ವಯಸ್ಸಿಗೇ ಸೊಂಟನೋವಾ ನಿಂಗೆ?"

ದಿನಕ್ಕೊಂದು ಫೋಟೊ ಹಾಕುತ್ತಿದ್ದಳು. ಅವಳ ಚಿಕ್ಕಮ್ಮ ಮತ್ತು ನಾನು ಬಿಟ್ಟರೆ ಲೈಕ್ ಒತ್ತುವ ಒಂದು ನರಪಿಳ್ಳೆಯೂ ಇರಲಿಲ್ಲ. ನಾನೇನು ಮಹಾ? ನನ್ನ ಸ್ನೇಹಿತರ ಪಟ್ಟಿಯಲ್ಲಿ ಅರ್ಧ ನೆಂಟರು, ಉಳಿದವರು ನನ್ನನ್ನು ಬೇರೆ ಯಾರೋ ಅಂದುಕೊಂಡವರು.

ಒಂದು ದಿನ ಅವಳು ಶೋಕೇಸಿನೊಳಗೆ ಇದ್ದಾಗ ಒಬ್ಬ ಹೆಂಗಸು ಗಾಜಿಗೆ ಮೂಗು ಒತ್ತಿ ಬಟ್ಟೆ ನೋಡತೊಡಗಿದಳು. ಗಡಿಬಿಡಿ ತಮಾಷೆಗೆ, ಎತ್ತಿದ ಕೈ ಎತ್ತಿದಂತೆಯೇ ಗೊಂಬೆಯಾಗಿ ನಿಂತುಬಿಟ್ಟಳು. ಆಮೇಲೆ ಮೆಲ್ಲಗೆ ಕಣ್ಣು ಹೊಡೆದಳು. ಹೆಂಗಸು ಚೀಲ ಬಿಸಾಡಿ ಓಡಿದಳು. ನಾನು ಅದನ್ನು ಮೊಬೈಲಿನಲ್ಲಿ ಹಿಡಿದಿದ್ದೆ. ಅವಳು ಅದನ್ನು ಹಾಕಿದಳು, ಸಂಜೆಯೊಳಗೆ ಊರೆಲ್ಲ ನೋಡಿತು.

ಅಲ್ಲಿಂದ ಶುರು. ಗೊಂಬೆಗಳಿಗೂ ಅವಳಿಗೂ ಒಂದೇ ಥರದ ಕೂದಲಿನ ವಿಗ್ಗು, ಕಪ್ಪು ಕನ್ನಡಕ, ಬಳಿದ ಮುಖ. ನಾನು ರಸ್ತೆಯಲ್ಲಿ ನಿಂತು ಲೈವ್ ಮಾಡುವುದು, ಯಾರು ನಿಜದವಳೆಂದು ಜನ ಊಹಿಸುವುದು. ಸ್ನೇಹಿತರು ಸಾವಿರಗಟ್ಟಲೆ ಬಂದು ಬಿದ್ದರು. ನಾನೂ ಕ್ಯಾಮೆರಾ ಅಣ್ಣನಾಗಿ ಬಡ್ತಿ ಪಡೆದೆ. ಯಜಮಾನರಂತೂ ಬಲು ಖುಷಿ. "ಮಾಡ್ಲಿ ಬಿಡಯ್ಯ, ಸಂಬಳ ಅದೇ, ಗೊಂಬೆ ಒಂದು ಜಾಸ್ತಿ!"

ಜನಕ್ಕೆ ಕಣ್ಣು ಹೊಡೆಯುವುದು ಬೇಗ ಹಳಸಿತು. ಇನ್ನೂ ಹೊತ್ತು ನಿಲ್ಲು, ಉಸಿರಾಡಿದ್ದು ಕಾಣಿಸಿತು, ಮೋಸ, ಎಂದೆಲ್ಲ ಬರೆಯತೊಡಗಿದರು. ಅವಳು ಅಭ್ಯಾಸಕ್ಕೆ ಬಿದ್ದಳು. ಊಟದ ಹೊತ್ತಿನಲ್ಲಿ ಚಮಚ ಅರ್ಧಕ್ಕೆ ನಿಲ್ಲುತ್ತಿತ್ತು. ಹಾಡು ನಿಂತಿತು, ಬೈಗುಳವೂ ನಿಂತಿತು. ಒಮ್ಮೆ ಗೋದಾಮಿನಲ್ಲಿ ಅವಳ ಮುಂದೆ ಯಜಮಾನರ ಮೇಲೆ ದೂರು ಹೇಳುತ್ತಿದ್ದೆ. ಎಷ್ಟು ಹೇಳಿದರೂ ಹೂಂ ಇಲ್ಲ, ಉಹೂಂ ಇಲ್ಲ. ರೇಗಿ ಭುಜ ಅಲ್ಲಾಡಿಸಿದರೆ ಗೊಂಬೆ. ಅದರ ಪಕ್ಕದ ಗೊಂಬೆ, "ಆಮೇಲೇನಾಯ್ತು?" ಎಂದಿತು. ನಾನು ನಕ್ಕೆ.

ಅವಳಮ್ಮ ಮನೆಯಲ್ಲೇ ಹೊಲಿಗೆ ಹಾಕುವವರು. ನಮ್ಮ ಅಂಗಡಿಯ ಪ್ಯಾಂಟುಗಳ ಕಾಲು ಮಡಿಚಿ ಹೊಲಿದುಕೊಡುವವರೂ ಅವರೇ. ಒಂದು ಮಧ್ಯಾಹ್ನ ಕಟ್ಟು ಇಳಿಸಿ ನನ್ನನ್ನು ಪಕ್ಕಕ್ಕೆ ಕರೆದರು.

"ಮನೇಲೂ ಹಂಗೇ ಕೂತಿರ್ತಾಳಪ್ಪ. ಕೂಗಿದ್ರೆ ಕಣ್ಣೂ ತಿರುಗ್ಸಲ್ಲ. ಮೊನ್ನೆ ಮೂಗಿನ ಹತ್ರ ಬೆರಳಿಟ್ಟು ನೋಡ್ದೆ. ಹೆತ್ತೋಳು ಮಗಳ ಮೂಗಿನ ಹತ್ರ ಬೆರಳಿಡೋದಂದ್ರೆ ಏನು ಗೊತ್ತಾ ನಿಂಗೆ? ನೀನಾದ್ರೂ ಬುದ್ಧಿ ಹೇಳು. ನಿನ್ನ ಮಾತು ಕೇಳ್ತಾಳೆ."

ಹೇಳಿದೆ. ಗಡಿಬಿಡಿ ಎಲ್ಲ ಕೇಳಿಸಿಕೊಂಡು, "ಬೆರಳು ಎಷ್ಟು ಹೊತ್ತು ಇಟ್ಟಿದ್ಲಂತೆ?" ಎಂದಳು.

ಸ್ನೇಹಿತರ ಸಂಖ್ಯೆ ಲಕ್ಷ ಮುಟ್ಟುವುದರಲ್ಲಿತ್ತು. ಅದನ್ನು ದಾಟಿಸಲು ಒಂದು ಸಂಜೆ ದೊಡ್ಡ ಲೈವ್ ಇಟ್ಟುಕೊಂಡೆವು. "ಎಲ್ರೂ ನನ್ನ ನೀಲಿ ಅಂಗಿ ನೋಡೇ ಹಿಡಿದುಬಿಡ್ತಾರೆ" ಎಂದು ಅವಳು ಅಮ್ಮ ಹೊಲಿದ ಆ ಅಂಗಿಯನ್ನು ಒಂದು ಗೊಂಬೆಗೆ ತೊಡಿಸಿ, ಗೊಂಬೆಯ ಕೋಟನ್ನು ತಾನು ಹಾಕಿಕೊಂಡು ಅದರ ಪಕ್ಕದಲ್ಲೇ ನಿಂತಳು.

ಲೈವ್ ಶುರುವಾಗಿ ಸ್ವಲ್ಪ ಹೊತ್ತಿಗೆ ಅವಳಮ್ಮ ಬಂದರು.

"ಎಲ್ಲಿದಾಳೆ?"

"ಒಳಗೆ ನಿಂತಿದಾಳೆ. ಇದೊಂದು ಮುಗೀಲಿ ಅಮ್ಮ."

"ಮುಗಿಯೋದೇನು? ಇವತ್ತು ಕೈ ಹಿಡಿದು ಎಳ್ಕೊಂಡೇ ಹೋಗ್ತೀನಿ."

"ಯಾವುದು ಅಂತ ಗೊತ್ತಾಗ್ಬೇಕಲ್ಲ?" ಎಂದೆ. ನೋಡುತ್ತಿದ್ದವರು ನಗಲಿ ಎಂದು.

"ನಂಗೆ ಗೊತ್ತಾಗಲ್ವೇನೋ?" ಎಂದು ಅವರು ಅಂಗಡಿಯೊಳಗೆ ನಡೆದರು.

ಶೋಕೇಸಿಗೆ ಬಾಗಿಲಿರುವುದು ಅಂಗಡಿಯ ಒಳಗಿನಿಂದ. ಅಲ್ಲಿಂದ ಕಾಣುವುದು ಬೆನ್ನುಗಳು ಮಾತ್ರ. ಅವರು ನೀಲಿ ಅಂಗಿಯ ಹಿಂದೆ ನಿಂತು ಕಾಲರ್ ಮಗುಚಿ ನೋಡಿದರು. ತಮ್ಮದೇ ಹೊಲಿಗೆ. ಅವರ ಮುಖ ಸಡಿಲಾಯಿತು. ಅದರ ಮುಂಗೈ ಹಿಡಿದು ಏನೋ ಹೇಳಿದರು. ಗಾಜಿನಾಚೆ ಕೇಳಿಸಲಿಲ್ಲ, ಮನೆಗೆ ನಡಿ ಎಂದೇ ಇರಬೇಕು. ಎಳೆದರು.

ಗೊಂಬೆಗಳ ಮುಂಗೈ ಕಳಚಿ ಬರುತ್ತದೆ. ಇಲ್ಲದಿದ್ದರೆ ಅಂಗಿಯ ತೋಳು ತೊಡಿಸಲು ಆಗುವುದಿಲ್ಲ. ಕೈ ಅವರ ಕೈಗೆ ಬಂತು.

ಅವರು ಬಾಯಿ ತೆರೆದದ್ದು ಕಂಡಿತು. ಮೊಬೈಲಿನ ತುಂಬ ನಗುವ ಮುಖಗಳು ಉಕ್ಕಿದವು. ಅವರು ಕೈಯನ್ನು ಎದೆಗವಚಿಕೊಂಡು, ಒಂದೊಂದೇ ಗೊಂಬೆಯ ಹಿಂದಿನಿಂದ ತೋಳು ಬಳಸಿ ಮೂಗಿನ ಕೆಳಗೆ ಬೆರಳಿಡುತ್ತ ಬಂದರು. ಗಡಿಬಿಡಿಯ ಹತ್ತಿರವೂ ಬಂದರು.

"ಅಲ್ಲಾಡೇ" ಎಂದೆ. ನನ್ನ ದನಿ ವಿಡಿಯೊದಲ್ಲಿದೆ. ಸುಳಿವು ಕೊಟ್ಟು ಆಟ ಕೆಡಿಸಿದನೆಂದು ಜನ ಉಗಿದಿದ್ದಾರೆ.

ಬೆರಳು ಅವಳ ಮೂಗಿನ ಕೆಳಗೆ ಬಹಳ ಹೊತ್ತು ನಿಂತಿತ್ತು. ಅವಳು ಉಸಿರು ಬಿಗಿಹಿಡಿದಿದ್ದಳು. ಅವಳಮ್ಮನಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿ ಕಾದರೋ, ನನಗೆ ಇವತ್ತಿಗೂ ತಿಳಿಯದು. ಬೆರಳು ತೆಗೆದು ಮುಂದಿನ ಗೊಂಬೆಗೆ ಹೋದರು. ಓಡಿಹೋಗಿ ಹೇಳಬಹುದಿತ್ತು. ನನ್ನ ಕೈ ಒಂದಿಷ್ಟೂ ನಡುಗಲಿಲ್ಲ. ಚಿತ್ರ ಸ್ಥಿರವಾಗಿ ಬಂದಿದೆ ಎಂದು ಮೆಚ್ಚಿದವರಿದ್ದಾರೆ.

ಹೊರಗೆ ಬಂದವರು ನನ್ನ ಮುಂದೆ ನಿಂತರು. "ಅವಳು ಅಲ್ಲಿಲ್ಲಪ್ಪ" ಎಂದು ಹೇಳಿ, ಗೊಂಬೆಯ ಕೈ ಹಿಡಿದುಕೊಂಡೇ ರಸ್ತೆ ದಾಟಿದರು.

ಲೈವ್ ಮುಗಿದು ಗಡಿಬಿಡಿ ಇಳಿದು ಬಂದಳು. "ಎಷ್ಟಾಯ್ತು?"

"ಲಕ್ಷ ದಾಟ್ತು."

"ಅಮ್ಮ ಏನಂದ್ಲು?"

ಹೇಳಿದೆ. ಕನ್ನಡಕ ತೆಗೆಯಲು ಹೋದ ಅವಳ ಕೈ ಅಲ್ಲೇ ನಿಂತಿತು. ಅದು ಅಭ್ಯಾಸದ್ದಲ್ಲ.

ಆಮೇಲೆ ಅವಳು ಶೋಕೇಸಿನಲ್ಲಿ ನಿಂತಿಲ್ಲ. ಆ ವಿಡಿಯೊಗೆ ಮಾತ್ರ ಸ್ನೇಹಿತರು ಈಗಲೂ ಬರುತ್ತಲೇ ಇದ್ದಾರೆ. ಗಡಿಬಿಡಿ ಮನೆಯಲ್ಲಿ ಬೇಕೆಂದೇ ಪಾತ್ರೆ ಕುಕ್ಕುತ್ತಾಳಂತೆ, ಜೋರಾಗಿ ಹಾಡುತ್ತಾಳಂತೆ. "ಎಷ್ಟು ಸದ್ದು ಮಾಡಿದ್ರೂ ಅಮ್ಮ ತಿರುಗಿ ನೋಡಲ್ಲ ಕಣೋ. ಹೊಲೀತಾನೇ ಇರ್ತಾಳೆ."

ಗೊಂಬೆಯ ಕೈ ವಾಪಸು ತರುವಂತೆ ಯಜಮಾನರು ಪೀಡಿಸುತ್ತಿದ್ದರು. ನಿನ್ನೆ ಗಡಿಬಿಡಿ ಬರಿಗೈಯಲ್ಲಿ ಬಂದಳು.

"ಕೊಡ್ಲಿಲ್ವಾ?"

"ಮಿಷಿನ್ ಪಕ್ಕದಲ್ಲೇ ಇಟ್ಕೊಂಡಿದಾಳೆ. ಕೇಳಿದ್ರೆ, ಅದು ನನ್ನ ಮಗಳದ್ದು, ನೀನ್ಯಾರು ಕೇಳೋಕೆ ಅಂದ್ಲು."

ಗಡಿಬಿಡಿ ಕೈಯಿಲ್ಲದ ಆ ಗೊಂಬೆಗೆ ಉದ್ದ ತೋಳಿನ ಕೋಟು ತೊಡಿಸಿ, ಖಾಲಿ ತೋಳಿನ ತುದಿಯನ್ನು ಜೇಬಿನೊಳಗೆ ತೂರಿಸಿ ಪಿನ್ನು ಹಾಕಿದಳು.